ಸ್ವಿಫ್ಟ್‌ನ ಸ್ಫೋಟ-ಸೂಚನೆ ಸೇವೆ: ಬಳಸಿ ನೋಡಿದ ಮೇಲೆ

ಆಕಾಶದ ಯಾವ ಮೂಲೆಯಲ್ಲಿ, ಯಾವ ಗಳಿಗೆಯಲ್ಲಿ ಸಂಭವಿಸುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರದ, ಕೆಲವು ಸೆಕೆಂಡುಗಳಲ್ಲಿ ಮುಗಿದೇ ಹೋಗಬಹುದಾದ ಘಟನೆಯಾದ ಗಾಮಾ ಕಿರಣ ಸ್ಫೋಟವನ್ನು (ಕ್ಷ-ಕಿರಣಕ್ಕಿಂತಲೂ ಹೆಚ್ಚು ಶಕ್ತಿಯ ಬೆಳಕಿನ ಸಿಡಿತವನ್ನು) ಹಿಡಿದು, ಅದರ ವಿಳಾಸವನ್ನು ಬೇಕೆನ್ನುವವರಿಗೆಲ್ಲ ನಿಮಿಷದೊಳಗೆ ತಲುಪಿಸುವುದು ಸ್ವಿಫ್ಟ್ ಎಂಬ ಬಾಹ್ಯಾಕಾಶ ವೀಕ್ಷಣಾಲಯದ ಕೆಲಸ. ಇದನ್ನು ವೈಜ್ಞಾನಿಕ ಸಾಧನೆಯೆಂದು ಹೊಗಳಿದವರು ಬಹಳ ಮಂದಿ ಇದ್ದಾರೆ. ಬಳಸುವವನ ಕಡೆಯಿಂದ ನೋಡಿ, ಒಂದು ಸೇವೆಯೆಂದು ಎಣಿಸಿ ಒರೆಗೆ ಹಚ್ಚಿದ ಬರಹ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಲವು ವರ್ಷಗಳಿಂದ ಈ ಸೂಚನೆಗಳನ್ನು ತರಿಸಿಕೊಂಡು, ಅದರ ದತ್ತಾಂಶವನ್ನು ಇಳಿಸಿಕೊಂಡು ನೋಡುತ್ತ ಬಂದವನಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಿಫ್ಟ್‌ನಲ್ಲಿರುವ ದೂರದರ್ಶಕಗಳು ಸಾಧಾರಣ ಗಾತ್ರದವು, ಅದರ ಮುಖ್ಯ ಭಾಗಗಳಲ್ಲಿ ಕೆಲವು ಬೇರೆ ಯೋಜನೆಗಳಿಗೆಂದು ರೂಪಿಸಿದ್ದವು. ಆದರೂ ಅದು ಕೊಡುವಂಥ ಸರಕು ದೀರ್ಘಕಾಲ ಬೇರೆಲ್ಲೂ ಸಿಗಲಿಲ್ಲ. ಅದು ಯಾರ ಅಪ್ಪಣೆಗೂ ಕಾಯದೆ ತಾನೇ ತಿರುಗುತ್ತದೆ, ಕಂಡದ್ದನ್ನು ಯಾರಿಂದಲೂ ಬಚ್ಚಿಡುವುದಿಲ್ಲ, ಕಾರಣ ಇಷ್ಟೇ.

ಈ ಸೇವೆಯ ಬೆಲೆ ತಿಳಿಯಬೇಕಾದರೆ ಅದಿಲ್ಲದಿದ್ದ ಕಾಲವನ್ನು ನೆನೆಯಬೇಕು. ಗಾಮಾ ಕಿರಣ ಸ್ಫೋಟವೊಂದು ಮೊದಲು ದಾಖಲಾದದ್ದು 1967ರ ಜುಲೈ 2ರಂದು, ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲೆಂದು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಲ್ಲಿ. ಆ ಸುದ್ದಿ ವಿಜ್ಞಾನಿಗಳ ಲೋಕಕ್ಕೆ ತಲುಪಿದ್ದು 1973ರಲ್ಲಿ. 1991ರಲ್ಲಿ ಮೇಲೇರಿದ ಕಾಂಪ್ಟನ್ ವೀಕ್ಷಣಾಲಯದ ಬ್ಯಾಟ್ಸಿ ಉಪಕರಣವು ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ದಾಖಲಿಸಿ, ಅವು ಎಲ್ಲ ದಿಕ್ಕುಗಳಲ್ಲೂ ಸಮನಾಗಿ ಹರಡಿವೆಯೆಂದು ತೋರಿಸಿಕೊಟ್ಟಿತು. ಆದರೆ ಅದು ಹೇಳುತ್ತಿದ್ದ ಸ್ಥಾನ ಹಲವು ಡಿಗ್ರಿಗಳಷ್ಟು ಅತ್ತಿತ್ತ ಇರಬಹುದಾಗಿದ್ದರಿಂದ, ಊರಿನ ಹೆಸರು ಮಾತ್ರ ಹೇಳಿ ಮನೆಯನ್ನು ನೀವೇ ಹುಡುಕಿಕೊಳ್ಳಿ ಎಂದಂತಾಗುತ್ತಿತ್ತು. 1997ರ ಫೆಬ್ರವರಿ 28ರ ಸ್ಫೋಟವನ್ನು ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ಜೊತೆಗೂಡಿ ಕಟ್ಟಿದ ಬೆಪ್ಪೋಸ್ಯಾಕ್ಸ್ ಉಪಗ್ರಹ ಗುರುತಿಸಿ, ಸುಮಾರು ಎಂಟು ಗಂಟೆಗಳ ನಂತರ ತನ್ನ ಸೂಕ್ಷ್ಮ ಕ್ಷ-ಕಿರಣ ಉಪಕರಣಗಳನ್ನು ಅತ್ತ ತಿರುಗಿಸಿದಾಗ, ಆರುತ್ತಿರುವ ಉಳಿಬೆಳಕು ಮೊದಲ ಬಾರಿಗೆ ಸಿಕ್ಕಿತು. ಅದೇ ವರ್ಷದ ಮೇ 8ರ ಸ್ಫೋಟದ ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ, ಹೆಚ್ಚಿದಷ್ಟೂ ಮೂಲ ದೂರ) ಕನಿಷ್ಠ 0.835 ಎಂದು ಅಳೆದ ಮೇಲೆ, ಇವು ನಮ್ಮ ಗ್ಯಾಲಕ್ಸಿಯವೇ ಅಥವಾ ಆಚೆಯವೇ ಎಂಬ ಹಳೆಯ ವ್ಯಾಜ್ಯ ಮುಗಿಯಿತು. ಅಷ್ಟು ದೊಡ್ಡ ಫಲ ಸಿಕ್ಕಿದ್ದು ಎಂಟು ಗಂಟೆ ತಡವಾಗಿ ನೋಡಿದ್ದಕ್ಕೆ. ಆ ಎಂಟು ಗಂಟೆಯಲ್ಲಿ ಏನೇನು ನಡೆದುಹೋಗಿತ್ತು ಎಂಬ ಪ್ರಶ್ನೆಯೇ ಸ್ವಿಫ್ಟ್‌ಗೆ ಮೂಲ.

2004ರ ನವೆಂಬರ್ 20ರಂದು ಡೆಲ್ಟಾ 2 ರಾಕೆಟ್ ಅದನ್ನು ಸುಮಾರು 600 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿತು. ಅಮೆರಿಕದ ನಾಸಾ ನಡೆಸುವ ಈ ಯೋಜನೆಯಲ್ಲಿ ಬ್ರಿಟನ್ ಮತ್ತು ಇಟಲಿಗಳ ಪಾಲೂ ಇದೆ. ಅದನ್ನು ಮುನ್ನಡೆಸಿದ ನೀಲ್ ಗೆರೆಲ್ಸ್ 2017ರಲ್ಲಿ ತೀರಿಕೊಂಡ ಮೇಲೆ ವೀಕ್ಷಣಾಲಯಕ್ಕೆ ಅವರ ಹೆಸರನ್ನು ಇಡಲಾಯಿತು. ಒಂದೇ ದಿಕ್ಕಿಗೆ ಮುಖಮಾಡಿದ ಮೂರು ಉಪಕರಣಗಳು ಅದರಲ್ಲಿವೆ: ಸ್ಫೋಟವನ್ನು ಮೊದಲು ಕಾಣುವ ಬ್ಯಾಟ್, ಕ್ಷ-ಕಿರಣಗಳ ಎಕ್ಸ್‌ಆರ್‌ಟಿ, ನೇರಳಾತೀತ ಮತ್ತು ಕಣ್ಣಿಗೆ ಕಾಣುವ ಬೆಳಕಿನ ಯೂವಾಟ್.

ಇವುಗಳಲ್ಲಿ ನನ್ನ ಮೆಚ್ಚಿನದು ಬ್ಯಾಟ್. ಅದು ಕೆಲಸ ಮಾಡುವ 15ರಿಂದ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳನ್ನು ಆಕಾಶದ ಇಷ್ಟು ದೊಡ್ಡ ಹರವಿನಿಂದ ಕನ್ನಡಿ ಹಿಡಿದು ಒಂದೆಡೆ ಕೂಡಿಸುವುದು ಆಗದ ಮಾತು. ಅದಕ್ಕೆ ಬದಲಾಗಿ 2.7 ಚದರ ಮೀಟರ್ ವಿಸ್ತಾರದ ಒಂದು ಹಲಗೆಯ ಮೇಲೆ, ಐದೈದು ಮಿಲಿಮೀಟರ್ ಅಗಲದ ಐವತ್ತು ಸಾವಿರಕ್ಕೂ ಹೆಚ್ಚು ಸೀಸದ ಬಿಲ್ಲೆಗಳನ್ನು ಯಾವ ಕ್ರಮವೂ ಕಾಣದಂತೆ ಚೆಲ್ಲಿ ಅಂಟಿಸಿದ್ದಾರೆ. ಒಂದು ಮೀಟರ್ ಕೆಳಗೆ ಕ್ಯಾಡ್ಮಿಯಂ-ಸತು-ಟೆಲ್ಯೂರೈಡ್ ಎಂಬ ಅರೆವಾಹಕದ 32,768 ತುಣುಕುಗಳು ಹಾಸಿವೆ. ಆಕಾಶದ ಯಾವುದೋ ಬಿಂದುವಿನಿಂದ ಗಾಮಾ ಕಿರಣಗಳು ಬಂದರೆ ಸೀಸದ ಬಿಲ್ಲೆಗಳ ನೆರಳು ಆ ಹಾಸಿನ ಮೇಲೆ ಬೀಳುತ್ತದೆ. ದಿಕ್ಕು ಬದಲಾದರೆ ನೆರಳು ಸರಿಯುತ್ತದೆ. ನೆರಳು ಎಷ್ಟು ಸರಿದಿದೆಯೆಂದು ಲೆಕ್ಕ ಹಾಕಿದರೆ ದಿಕ್ಕು ತಿಳಿಯುತ್ತದೆ. ಅಂಗಳದಲ್ಲಿ ಬಿದ್ದ ಜಾಲಂದ್ರದ ನೆರಳನ್ನು ನೋಡಿ ಸೂರ್ಯನೆಲ್ಲಿದ್ದಾನೆಂದು ಹೇಳುವ ಹಾಗೆಯೇ ಇದು, ಬಿಲ್ಲೆಗಳು ಅಡ್ಡಾದಿಡ್ಡಿಯಾಗಿರುವುದರಿಂದ ಎರಡು ದಿಕ್ಕುಗಳ ನೆರಳು ಒಂದೇ ಆಗಿ ಕಾಣುವ ಗೊಂದಲವೂ ಇಲ್ಲ. ಈ ಲೆಕ್ಕವನ್ನು ಭೂಮಿಗೆ ಕಳಿಸಿ ಮಾಡಿಸಿಕೊಳ್ಳುವಷ್ಟು ಪುರುಸೊತ್ತಿಲ್ಲದ್ದರಿಂದ ಉಪಗ್ರಹದ ಕಂಪ್ಯೂಟರೇ ಮಾಡುತ್ತದೆ: ಎಣಿಕೆ ಒಮ್ಮೆಲೇ ಏರಿತೆ ಎಂದು ಬೇರೆ ಬೇರೆ ಕಾಲಾವಧಿ ಮತ್ತು ಶಕ್ತಿಯ ನೂರಾರು ಮಾನದಂಡಗಳಿಂದ ಸದಾ ಪರೀಕ್ಷಿಸುತ್ತ, ಏರಿದ್ದು ಕಂಡರೆ ಚಿತ್ರ ಕಟ್ಟಿ, ಆ ಚುಕ್ಕೆ ಈಗಾಗಲೇ ಗೊತ್ತಿರುವ ಕ್ಷ-ಕಿರಣ ಮೂಲವೇ ಎಂದು ತನ್ನ ಪಟ್ಟಿಯೊಡನೆ ಹೋಲಿಸಿ, ಹೊಸದೆಂದಾದರೆ ಒಂದರಿಂದ ನಾಲ್ಕು ಆರ್ಕ್‌ಮಿನಿಟ್‌ಗಳೊಳಗಿನ ಸ್ಥಾನವನ್ನು ಹೇಳುತ್ತದೆ. ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು ಮೂವತ್ತು ಆರ್ಕ್‌ಮಿನಿಟ್.

ಇನ್ನು ತಿರುಗುವುದು. ಸೂರ್ಯ, ಚಂದ್ರ ಅಥವಾ ಭೂಮಿಯ ಅಂಚಿಗೆ ದೂರದರ್ಶಕಗಳು ಮುಖ ಕೊಡುವ ಅಪಾಯವಿದೆಯೆ, ಈಗ ನೋಡುತ್ತಿರುವ ಕೆಲಸಕ್ಕಿಂತ ಇದು ಮುಖ್ಯವೆ ಎಂದು ತಾನೇ ತೂಗಿ ನೋಡಿ, ಸರಿಯೆನಿಸಿದರೆ ಉಪಗ್ರಹ ಇಡಿಯಾಗಿ ಹೊರಳುತ್ತದೆ. ಸಾಮಾನ್ಯವಾಗಿ 20ರಿಂದ 75 ಸೆಕೆಂಡುಗಳಲ್ಲಿ ಗುರಿ ಎದುರಿಗೆ ಬಂದಿರುತ್ತದೆ. ಎಂಟು ಗಂಟೆಯಿಂದ ಎಪ್ಪತ್ತೈದು ಸೆಕೆಂಡಿಗೆ ಇಳಿದದ್ದು ಉತ್ತಮ ದರ್ಜೆಯ ಕನ್ನಡಿಯಿಂದಲ್ಲ, ಮನುಷ್ಯನನ್ನು ನಡುವಿನಿಂದ ತೆಗೆದದ್ದರಿಂದ.

ಅಷ್ಟರಲ್ಲಿ ಬಳಕೆದಾರನ ಕೈಗೆ ಏನು ಬಂದಿರುತ್ತದೆ? ಉಪಗ್ರಹವು ನಾಸಾದ ಸಂಪರ್ಕ ಉಪಗ್ರಹಗಳ ಮೂಲಕ ಕಳಿಸಿದ ಬ್ಯಾಟ್ ಸ್ಥಾನವು ಜಿಸಿಎನ್ ಎಂಬ ಜಾಲಕ್ಕೆ ಬಂದು, ಅಲ್ಲಿಂದ ಯಾವ ಕೈಯೂ ಸೋಕದೆ ಚಂದಾದಾರರಿಗೆ ಹರಡುತ್ತದೆ. ಸ್ಫೋಟ ಗುರುತಾದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೊದಲ ಸೂಚನೆ ಬಂದಿರುವುದು ಸಾಮಾನ್ಯ. ಉಪಗ್ರಹ ತಿರುಗಿ ನಿಂತ ಮೇಲೆ ಎಕ್ಸ್‌ಆರ್‌ಟಿ ಕಂಡುಕೊಂಡ, ಸುಮಾರು ಐದು ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡ್ ಎಂದರೆ ಆರ್ಕ್‌ಮಿನಿಟ್‌ನ ಅರವತ್ತನೆಯ ಒಂದು ಪಾಲು) ನಿಖರವಾದ ಸ್ಥಾನ ಬರುತ್ತದೆ. ಅದರ ಬೆನ್ನಿಗೇ ಯೂವಾಟ್ ತೆಗೆದ ಆಕಾಶದ ಚಿತ್ರ. ಈ ಯಂತ್ರದ ಸೂಚನೆಗಳಲ್ಲದೆ, ಮನುಷ್ಯರು ಬರೆದು ಕಳಿಸುವ ಸುತ್ತೋಲೆಗಳು ಬೇರೆ ಇವೆ. ಯಾವ ದೂರದರ್ಶಕಕ್ಕೆ ಏನು ಕಂಡಿತು, ಏನು ಕಾಣಲಿಲ್ಲ, ಕೆಂಪುಪಲ್ಲಟ ಎಷ್ಟು ಎಂಬುದೆಲ್ಲ ಗಂಟೆಗಳೊಳಗೆ ಅಲ್ಲಿ ಜಮೆಯಾಗುತ್ತದೆ. ಸ್ಕಾಟ್ ಬಾರ್ಥೆಲ್ಮಿ ಅವರು ಬ್ಯಾಟ್ಸಿಯ ಕಾಲದಲ್ಲೇ ಕಟ್ಟಿದ ಈ ಏರ್ಪಾಡನ್ನು ಇತ್ತೀಚಿನ ವರ್ಷಗಳಲ್ಲಿ ಹೊಸ ತಂತ್ರಾಂಶದ ಮೇಲೆ ನಿಲ್ಲಿಸಿದ್ದಾರೆ. ಹಳೆಯ ಸಾದಾ ಪಠ್ಯದ ಮಿಂಚಂಚೆ ಬೇಕೆಂದರೂ ಸಿಗುತ್ತದೆ, ಕಾಫ್ಕಾ ಎಂಬ ತಂತ್ರಾಂಶದ ದತ್ತಾಂಶ ಹರಿವಿನ ಮೂಲಕ ನೇರವಾಗಿ ಪ್ರೋಗ್ರಾಮಿಗೆ ಬೇಕೆಂದರೂ ಸಿಗುತ್ತದೆ. ಕಾಸು ಕೇಳುವುದಿಲ್ಲ.

ಬಂದ ಸರಕಿನ ಗುಣವನ್ನು ನೋಡೋಣ. ಸ್ವಿಫ್ಟ್ ಬರುವ ಮೊದಲು ಉಳಿಬೆಳಕೆಂದರೆ ಹೊತ್ತು ಕಳೆದಂತೆ ಒಂದೇ ಹದದಲ್ಲಿ ನಂದುವ ಕೆಂಡ ಎಂಬ ಚಿತ್ರವಿತ್ತು. ಮೊದಲ ನಿಮಿಷದಿಂದಲೇ ಎಕ್ಸ್‌ಆರ್‌ಟಿ ನೋಡತೊಡಗಿದಾಗ ಕಂಡದ್ದು ಬೇರೆ: ಮೊದಲು ಕಡಿದಾದ ಇಳಿತ, ಆಮೇಲೆ ಹಲವು ಸಾವಿರ ಸೆಕೆಂಡುಗಳವರೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಎಳೆದುಕೊಂಡು ಹೋಗುವ ಹಂತ, ಅದಾದ ಮೇಲೆ ಹಳೆಯ ಪರಿಚಿತ ಇಳಿತ, ಇವುಗಳ ನಡುನಡುವೆ ಕೆಂಡಕ್ಕೆ ಗಾಳಿ ಊದಿದಂತೆ ದಿಢೀರನೆ ಏರಿ ಇಳಿಯುವ ಜ್ವಾಲೆಗಳು. ಕಡಿದಾದ ಇಳಿತವು ಸ್ಫೋಟದ ಮೂಲ ಬೆಳಕಿನದೇ ಬಾಲವೆಂದೂ, ಕೊನೆಯ ಇಳಿತವು ಬೆಳಕಿನ ವೇಗಕ್ಕೆ ಸಮೀಪದಲ್ಲಿ ಚಿಮ್ಮಿದ ದ್ರವ್ಯವು ಸುತ್ತಲಿನ ಅನಿಲವನ್ನು ಗುದ್ದಿದ್ದರ ಫಲವೆಂದೂ ತಿಳಿಯಲಾಗಿದೆ. ನಡುವಿನ ಮಟ್ಟಸ ಹಂತ ಮತ್ತು ಜ್ವಾಲೆಗಳು ಹೇಳುವುದೇನೆಂದರೆ, ಸ್ಫೋಟದ ಎಂಜಿನ್ ಗಾಮಾ ಕಿರಣ ನಿಂತೊಡನೆ ನಿಂತುಬಿಡುವುದಿಲ್ಲ. ಹೊಸದಾಗಿ ಹುಟ್ಟಿದ ಕಪ್ಪುಕುಳಿಗೆ ದ್ರವ್ಯ ಇನ್ನೂ ಬೀಳುತ್ತಿದೆಯೋ, ಗಿರಗಿರನೆ ತಿರುಗುವ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವೊಂದು (ಸತ್ತ ನಕ್ಷತ್ರದ ಅತಿ ಸಾಂದ್ರವಾದ ತಿರುಳು) ಶಕ್ತಿ ಸುರಿಯುತ್ತಿದೆಯೋ ಎಂಬ ಚರ್ಚೆ ಇನ್ನೂ ನಡೆದಿದೆ. ಎಂಟು ಗಂಟೆ ತಡವಾಗಿ ಬರುವವರಿಗೆ ಈ ಚರ್ಚೆಗೆ ವಸ್ತುವೇ ಇರುತ್ತಿರಲಿಲ್ಲ.

ಎರಡು ಸೆಕೆಂಡಿಗಿಂತ ಕಡಿಮೆ ಬಾಳುವ ಕಿರು ಸ್ಫೋಟಗಳ ವಿಷಯದಲ್ಲಂತೂ ಈ ಸೇವೆ ಹೊಸ ಬಾಗಿಲನ್ನೇ ತೆರೆಯಿತು. 2005ರ ಮೇ 9ರ ಕಿರು ಸ್ಫೋಟವಾದ ಸುಮಾರು ಒಂದು ನಿಮಿಷದಲ್ಲಿ ಎಕ್ಸ್‌ಆರ್‌ಟಿ ಅತ್ತ ತಿರುಗಿ, ಬೆರಳೆಣಿಕೆಯ ಫೋಟಾನುಗಳನ್ನು ಹಿಡಿಯಿತು. ಕಿರು ಸ್ಫೋಟವೊಂದರ ಕ್ಷ-ಕಿರಣ ಉಳಿಬೆಳಕು ಸಿಕ್ಕಿದ್ದು ಅದೇ ಮೊದಲು. ಆ ಜಾಗದ ಪಕ್ಕದಲ್ಲಿದ್ದದ್ದು ಹೊಸ ನಕ್ಷತ್ರಗಳು ಹುಟ್ಟುವುದು ನಿಂತೇಹೋದ ದೀರ್ಘವೃತ್ತಾಕಾರದ ಗ್ಯಾಲಕ್ಸಿ. ಭಾರಿ ನಕ್ಷತ್ರ ಕುಸಿದು ಇದು ಆಯಿತೆನ್ನುವುದಕ್ಕೆ ಅಲ್ಲಿ ಅಂಥ ನಕ್ಷತ್ರವೇ ಇರುವಂತಿಲ್ಲ, ಆದ್ದರಿಂದ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ವಾದಕ್ಕೆ ಬಲ ಬಂತು. ಬಳಿಕ 2021ರ ಡಿಸೆಂಬರ್ 11ರ ಸ್ಫೋಟ ಬಂದು, ದೀರ್ಘ ಸ್ಫೋಟ ಭಾರಿ ನಕ್ಷತ್ರದ ಕುಸಿತದಿಂದ, ಕಿರು ಸ್ಫೋಟ ಡಿಕ್ಕಿಯಿಂದ ಎಂಬ ವಿಂಗಡಣೆಯನ್ನೇ ಕಲಕಿತು: ಅದು ಸುಮಾರು ಒಂದು ನಿಮಿಷ ಬಾಳಿದ ದೀರ್ಘ ಸ್ಫೋಟ, ಆದರೆ ಅದರ ಹಿಂದೆ ಕಂಡದ್ದು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಗುರುತಾದ ಕಿಲೋನೋವಾದ ಹೊಳಪು. ಇಂಥ ಹೊಳಪು ಕೆಲವೇ ದಿನಗಳಲ್ಲಿ ಮಾಯವಾಗುವುದರಿಂದ, ಆರ್ಕ್‌ಸೆಕೆಂಡಿನ ವಿಳಾಸ ಬೇಗ ಸಿಗದಿದ್ದರೆ ದೊಡ್ಡ ದೂರದರ್ಶಕಗಳು ಅದನ್ನು ಕಾಣುವುದು ಕಷ್ಟ.

ದೂರದ ಸ್ಫೋಟಗಳಲ್ಲಿ 2009ರ ಏಪ್ರಿಲ್ 23ರದ್ದು ಹೆಸರಾದದ್ದು. ಅದರ ಕೆಂಪುಪಲ್ಲಟ ಸುಮಾರು 8.2, ಅಂದರೆ ವಿಶ್ವಕ್ಕೆ ಇನ್ನೂ ಅರವತ್ತು-ಎಪ್ಪತ್ತು ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು. 2008ರ ಮಾರ್ಚ್ 19ರ ಸ್ಫೋಟವಾದರೋ ಏಳೂವರೆ ನೂರು ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕಾಗಿದ್ದರೂ ಕಾಂತಿಮಾನ 5.3ರವರೆಗೆ ಏರಿ (ಈ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು), ಕತ್ತಲಾದ ಜಾಗದಲ್ಲಿ ನಿಂತವರ ಬರಿಗಣ್ಣಿಗೂ ಕೆಲವು ಸೆಕೆಂಡು ಕಾಣುವಷ್ಟು ಬೆಳಗಿತು. ಅದಕ್ಕೆ ಅರ್ಧ ಗಂಟೆ ಮೊದಲು ಅಲ್ಲೇ ಹತ್ತಿರದಲ್ಲಿ ಇನ್ನೊಂದು ಸ್ಫೋಟವನ್ನು ಸ್ವಿಫ್ಟ್ ವರದಿ ಮಾಡಿದ್ದರಿಂದ, ನೆಲದ ಕೆಲವು ಅಗಲ ನೋಟದ ಕ್ಯಾಮೆರಾಗಳು ಆಗಲೇ ಅತ್ತ ಮುಖಮಾಡಿದ್ದವು. ಇದು ಅದೃಷ್ಟವೇ ಹೌದು, ಆದರೆ ಸೂಚನೆ ಪಡೆದು ತಿರುಗಿ ನಿಂತವರಿಗೆ ಮಾತ್ರ ಒಲಿದ ಅದೃಷ್ಟ.

ಸ್ವಿಫ್ಟ್‌ನ ಇನ್ನೊಂದು ಗುಣ ದತ್ತಾಂಶದ ಹಂಚಿಕೆ. ಅನೇಕ ವೀಕ್ಷಣಾಲಯಗಳಲ್ಲಿ ಸಮಯ ಕೇಳಿ ಪಡೆದವರಿಗೆ ವರ್ಷದವರೆಗೂ ದತ್ತಾಂಶದ ಒಡೆತನವಿರುತ್ತದೆ. ಇಲ್ಲಿ ಉಪಗ್ರಹದಿಂದ ಇಳಿದು ಸಂಸ್ಕರಣೆಯಾದ ಕೂಡಲೇ ಅದು ಎಲ್ಲರದು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದವರು ಪ್ರತಿಯೊಂದು ಸ್ಫೋಟಕ್ಕೂ ತಾನಾಗಿ ಸಿದ್ಧವಾಗುವಂತೆ ಮಾಡಿರುವ ಕ್ಷ-ಕಿರಣ ಏರಿಳಿತದ ರೇಖೆ, ರೋಹಿತ (ಯಾವ ಶಕ್ತಿಯಲ್ಲಿ ಎಷ್ಟು ಬೆಳಕು ಎಂಬ ಲೆಕ್ಕ) ಮತ್ತು ಯೂವಾಟ್ ಚಿತ್ರದ ನೆರವಿನಿಂದ ತಿದ್ದಿದ ಸ್ಥಾನ ಇವು ನಾನು ಬಳಸಿದ ಖಗೋಳ ಸೌಲಭ್ಯಗಳಲ್ಲಿ ಅತ್ಯಂತ ಸುಲಭವಾದವು. ಯಾವುದೇ ತಂತ್ರಾಂಶ ಹಾಕಿಕೊಳ್ಳದೆ, ಕಾಲಾವಧಿಯನ್ನು ಆಯ್ದು ಕೊಟ್ಟರೆ ಅದರ ರೋಹಿತವನ್ನು ತೆಗೆದುಕೊಡುತ್ತದೆ. ಹೊಸದಾಗಿ ಈ ವಿಷಯಕ್ಕೆ ಬರುವ ವಿದ್ಯಾರ್ಥಿ ಇಲ್ಲಿಂದಲೇ ಶುರುಮಾಡುವುದು ಮೇಲು. ಇದಲ್ಲದೆ, ತುರ್ತಾಗಿ ಏನನ್ನಾದರೂ ನೋಡಬೇಕೆಂದು ಯಾವ ದೇಶದ ಖಗೋಳಜ್ಞರಾದರೂ ಅರ್ಜಿ ಹಾಕಬಹುದು. ಅತಿ ತುರ್ತಿನ ದರ್ಜೆಯದಕ್ಕೆ ನಾಲ್ಕು ಗಂಟೆಯೊಳಗೆ ನೋಡುವ ಗುರಿಯಿದೆ. 2008ರ ಜನವರಿ 9ರಂದು, ಆಗಲೇ ಸಿಡಿದಿದ್ದ ಒಂದು ಸೂಪರ್‌ನೋವಾವನ್ನು ನೋಡುತ್ತಿದ್ದಾಗ, ಅದೇ ಎನ್‌ಜಿಸಿ 2770 ಗ್ಯಾಲಕ್ಸಿಯಲ್ಲಿ ಇನ್ನೊಂದು ನಕ್ಷತ್ರ ಸಿಡಿಯುವ ಮೊದಲ ನಿಮಿಷಗಳೇ ಎಕ್ಸ್‌ಆರ್‌ಟಿಗೆ ಸಿಕ್ಕಿಬಿಟ್ಟದ್ದು ಈ ಬಗೆಯ ಕೆಲಸದ ನಡುವೆ.

ಕೊರತೆಗಳು ಸಣ್ಣವಲ್ಲ. ಬ್ಯಾಟ್ ಒಂದು ಸಲಕ್ಕೆ ನೋಡುವುದು ಆಕಾಶದ ಸುಮಾರು ಆರನೆಯ ಒಂದು ಪಾಲನ್ನು ಮಾತ್ರ, ಆ ಪಾಲಿನ ಅಂಚಿನಲ್ಲಿ ಅದರ ಕಣ್ಣು ಮಂದ. ಹೀಗಾಗಿ ವರ್ಷಕ್ಕೆ ಅದಕ್ಕೆ ಸಿಗುವುದು ತೊಂಬತ್ತರ ಆಸುಪಾಸು. 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳ (ದೇಶ-ಕಾಲದಲ್ಲಿ ಏಳುವ ಕಂಪನಗಳ) ಜೊತೆಗೆ ಬಂದ, ಈ ಕ್ಷೇತ್ರದ ಅತ್ಯಂತ ಮುಖ್ಯವೆನ್ನಬಹುದಾದ ಕಿರು ಸ್ಫೋಟ ಬ್ಯಾಟ್‌ಗೆ ಸಿಗಲೇ ಇಲ್ಲ. ಆ ಕ್ಷಣದಲ್ಲಿ ಭೂಮಿ ಅಡ್ಡ ಬಂದಿತ್ತು. ಅದನ್ನು ಹಿಡಿದವು ಫರ್ಮಿ ಮತ್ತು ಇಂಟಿಗ್ರಲ್ ಎಂಬ ಬೇರೆ ಗಾಮಾ ಕಿರಣ ಉಪಗ್ರಹಗಳು. ನೆಲದ ದೂರದರ್ಶಕಗಳು ಮೂಲವನ್ನು ಹುಡುಕಿದ ಮೇಲೆ ಯೂವಾಟ್ ಅದರ ಬೇಗ ಮಂಕಾಗುವ ನೇರಳಾತೀತ ಹೊಳಪನ್ನು ದಾಖಲಿಸಿ ತಕ್ಕಮಟ್ಟಿಗೆ ಮಾನ ಉಳಿಸಿಕೊಂಡಿತು. ಭೂಮಿಯನ್ನು ಸುಮಾರು ಒಂದೂವರೆ ಗಂಟೆಗೊಮ್ಮೆ ಸುತ್ತುವುದರಿಂದ ಹೆಚ್ಚಿನ ಗುರಿಗಳು ಪ್ರತಿ ಸುತ್ತಿನಲ್ಲೂ ದೀರ್ಘಕಾಲ ಭೂಮಿಯ ಹಿಂದೆ ಮರೆಯಾಗುತ್ತವೆ, ಆದ್ದರಿಂದ ಏರಿಳಿತದ ರೇಖೆಗಳಲ್ಲಿ ಹಲ್ಲುದುರಿದಂತೆ ಖಾಲಿ ಜಾಗಗಳು. ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ಪ್ರದೇಶವನ್ನು ಹಾಯುವಾಗಲಂತೂ ಪತ್ತೆಯೇ ನಿಂತಿರುತ್ತದೆ.

ನನಗೆ ಹೆಚ್ಚು ಕಾಡುವುದು ಶಕ್ತಿಯ ಮಿತಿ. ಅನೇಕ ಸ್ಫೋಟಗಳ ಗಾಮಾ ಬೆಳಕು ಅತಿ ಹೆಚ್ಚಾಗಿರುವ ಶಕ್ತಿ 150 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿರುವುದರಿಂದ, ಬ್ಯಾಟ್ ಒಂದರಿಂದಲೇ ಒಟ್ಟು ಶಕ್ತಿಯನ್ನು ಲೆಕ್ಕ ಹಾಕಲಾಗದು. 1994ರಿಂದ ಹಾರುತ್ತಿರುವ ವಿಂಡ್ ನೌಕೆಯ ರಷ್ಯನ್ ಉಪಕರಣ ಕೋನಸ್‌ನ ಅಥವಾ ಫರ್ಮಿಯ ಸುತ್ತೋಲೆಗಾಗಿ ಕಾಯಬೇಕು. ಯೂವಾಟ್‌ನ ಕನ್ನಡಿ ಮೂವತ್ತು ಸೆಂಟಿಮೀಟರ್, ಅದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಧೂಳಿನೊಳಗೆ ಹುದುಗಿದ ಅಥವಾ ಬಹಳ ದೂರದ ಸ್ಫೋಟಗಳ ಬೆಳಕು ಕೆಂಪಿನ ಕಡೆಗೇ ಇರುವುದರಿಂದ, ಅರ್ಧಕ್ಕಿಂತ ಹೆಚ್ಚು ಸಲ ಯೂವಾಟ್‌ನಿಂದ ಬರುವುದು ಏನೂ ಕಾಣಲಿಲ್ಲ ಎಂಬ ವರದಿ. ದೂರವನ್ನು ತಿಳಿಯಲು ಬಹುಮಟ್ಟಿಗೆ ನೆಲದ ದೊಡ್ಡ ದೂರದರ್ಶಕಗಳನ್ನೇ ಕಾಯಬೇಕಾದ್ದರಿಂದ ಹೆಚ್ಚಿನ ಸ್ವಿಫ್ಟ್ ಸ್ಫೋಟಗಳಿಗೆ ಕೆಂಪುಪಲ್ಲಟವೇ ಇಲ್ಲ.

ತಪ್ಪು ಗುರುತಿನ ಒಂದು ಪ್ರಸಂಗವನ್ನೂ ಹೇಳಬೇಕು. 2022ರ ಅಕ್ಟೋಬರ್ 9ರಂದು ಬ್ಯಾಟ್ ಒಂದು ಹೊಸ ಮೂಲವನ್ನು ವರದಿ ಮಾಡಿತು. ಅದು ಕ್ಷೀರಪಥದ ತಲಕ್ಕೆ ಹತ್ತಿರವಿದ್ದು, ಕ್ಷ-ಕಿರಣಗಳಲ್ಲಿ ವಿಪರೀತ ಪ್ರಕಾಶವಾಗಿದ್ದುದರಿಂದ ನಮ್ಮ ಗ್ಯಾಲಕ್ಸಿಯೊಳಗಿನದೇ ಆಗಿರಬೇಕೆಂದು ಬಗೆದು, ಸ್ವಿಫ್ಟ್ ಜೆ1913.1+1946 ಎಂದು ಹೆಸರಿಟ್ಟರು. ನಿಜಸಂಗತಿಯೆಂದರೆ ಸ್ಫೋಟ 53 ನಿಮಿಷಗಳ ಹಿಂದೆಯೇ ಆಗಿ, ಫರ್ಮಿ ಅದನ್ನು ದಾಖಲಿಸಿತ್ತು. ಸ್ಫೋಟದ ಹೊತ್ತಿಗೆ ಅದು ಬ್ಯಾಟ್‌ನ ನೋಟದಲ್ಲಿರಲಿಲ್ಲ. ಬ್ಯಾಟ್ ಕಂಡದ್ದು ಉಳಿಬೆಳಕನ್ನು. ಕೆಂಪುಪಲ್ಲಟ 0.151ರ ಆ ಸ್ಫೋಟ ಈವರೆಗೆ ದಾಖಲಾದವುಗಳಲ್ಲೇ ಅತ್ಯಂತ ಪ್ರಕಾಶಮಾನವಾದದ್ದು. ಇದನ್ನು ನಾನು ಸೇವೆಯ ದೋಷವೆಂದು ಎಣಿಸುವುದಿಲ್ಲ. ಎರಡು ಉಪಗ್ರಹಗಳ ಸೂಚನೆಗಳನ್ನು ಯಾರಾದರೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದಾಗಿತ್ತು, ಹಾಗೆ ನೋಡಿದವರು ಕೆಲವು ಗಂಟೆಗಳಲ್ಲಿ ತಿದ್ದಿದರು, ತಿದ್ದಿದ್ದೂ ಸುತ್ತೋಲೆಯಲ್ಲಿ ಎಲ್ಲರೆದುರೇ ಆಯಿತು.

ಇಪ್ಪತ್ತು ದಾಟಿದ ಯಂತ್ರಕ್ಕೆ ಮೈಯೆಲ್ಲ ಗಾಯ. ಎಕ್ಸ್‌ಆರ್‌ಟಿಯ ತಂಪುಯಂತ್ರ ಹಾರಿದ ಕೆಲವೇ ವಾರಗಳಲ್ಲಿ ಕೈಕೊಟ್ಟಿತು, ಅಂದಿನಿಂದ ಅದು ಬಾಹ್ಯಾಕಾಶದ ಚಳಿಯನ್ನೇ ನೆಚ್ಚಿ ನಡೆದಿದೆ. 2005ರ ಮೇಯಲ್ಲಿ ಧೂಳಿನ ಕಣವೊಂದು ಬಡಿದು ಅದರ ಸಂವೇದಕಕ್ಕೆ ಕಲೆಗಳಾದವು. 2022ರ ಜನವರಿಯಲ್ಲಿ ತಿರುಗಿಸುವ ಆರು ಚಕ್ರಗಳಲ್ಲಿ ಒಂದು ನಿಂತಿತು, ತಿಂಗಳೊಳಗೆ ಐದರಲ್ಲೇ ಕೆಲಸ ಮುಂದುವರಿಯಿತು. 2024ರ ಮಾರ್ಚ್‌ನಲ್ಲಿ ಉಪಗ್ರಹ ಎಷ್ಟು ತಿರುಗಿತೆಂದು ಅಳೆಯುವ ಮೂರು ಗೈರೊಗಳಲ್ಲಿ ಒಂದು ಹದಗೆಟ್ಟು, ಎರಡರಿಂದಲೇ ನಡೆಯುವಂತೆ ತಂತ್ರಾಂಶವನ್ನು ಬದಲಿಸಬೇಕಾಯಿತು. ಇವೆಲ್ಲಕ್ಕಿಂತ ದೊಡ್ಡ ಚಿಂತೆ ಕಕ್ಷೆಯದು. ಸ್ವಿಫ್ಟ್‌ಗೆ ತನ್ನನ್ನು ಮೇಲೆತ್ತಿಕೊಳ್ಳುವ ರಾಕೆಟ್ ಇಲ್ಲ. ಸೂರ್ಯನ ಚಟುವಟಿಕೆ ಹೆಚ್ಚಿ ಮೇಲ್ವಾತಾವರಣ ಉಬ್ಬಿದ್ದರಿಂದ ಅದು ನಿರೀಕ್ಷೆಗಿಂತ ಬೇಗ ಕೆಳಗಿಳಿಯುತ್ತ ಬಂತು. 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಅದನ್ನು ಮತ್ತೊಂದು ನೌಕೆಯಿಂದ ಹಿಡಿದು ಮೇಲೆತ್ತುವ ಕೆಲಸವನ್ನು ಕ್ಯಾಟಲಿಸ್ಟ್ ಸ್ಪೇಸ್ ಎಂಬ ಕಂಪನಿಗೆ ಮೂರು ಕೋಟಿ ಡಾಲರ್‌ಗೆ ವಹಿಸಿತು. ಹಿಡಿಯಲೆಂದು ಒಂದು ಹಿಡಿಕೆಯನ್ನೂ ಇಟ್ಟು ಕಟ್ಟಿರದ ಉಪಗ್ರಹವನ್ನು ಎತ್ತುವ ಸಾಹಸ ಇದು.

ಪರ್ಯಾಯಗಳಿವೆ. 2008ರಿಂದ ಹಾರುತ್ತಿರುವ ಫರ್ಮಿ ಭೂಮಿ ಮರೆಮಾಡದ ಆಕಾಶವನ್ನೆಲ್ಲ ನೋಡಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸ್ಫೋಟ ಕೊಡುತ್ತದೆ, ಆದರೆ ಅದರ ಸ್ಥಾನ ಡಿಗ್ರಿಗಳ ಲೆಕ್ಕದ್ದು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಸಿಝಡ್‌ಟಿಐ ಉಪಕರಣವು ಸ್ಫೋಟಗಳ ಧ್ರುವೀಕರಣವನ್ನು (ಬೆಳಕಿನ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂಬುದನ್ನು) ಅಳೆಯುವುದರಲ್ಲಿ ವಿಶಿಷ್ಟ, ವಿಳಾಸ ಹೇಳುವುದು ಅದರ ಕೆಲಸವಲ್ಲ. 2024ರ ಜನವರಿಯಲ್ಲಿ ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಮೃದು ಕ್ಷ-ಕಿರಣಗಳಲ್ಲಿ ಒಮ್ಮೆಗೇ 3,600 ಚದರ ಡಿಗ್ರಿ ನೋಡುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಚೀನಾ-ಫ್ರಾನ್ಸ್ ಕೂಡಿ ಹಾರಿಸಿದ ಸ್ವೋಮ್ ಮಾತ್ರ ಸ್ವಿಫ್ಟ್‌ನ ಹಾಗೆಯೇ ಕಂಡು, ತಿರುಗಿ, ನೋಡುವ ಯಂತ್ರ. ಅದರ ಗೋಚರ ಬೆಳಕಿನ ದೂರದರ್ಶಕಕ್ಕೆ ಕೆಂಪೂ ಕಾಣುವುದರಿಂದ ಯೂವಾಟ್‌ನ ಕೊರತೆ ಅಲ್ಲಿಲ್ಲ, ಮತ್ತು 2025ರ ಮಾರ್ಚ್ 14ರಂದು ಅದು ಹಿಡಿದ ಸ್ಫೋಟದ ಕೆಂಪುಪಲ್ಲಟ ಸುಮಾರು 7.3. ಹೊಸಬರಿಬ್ಬರೂ ಚುರುಕಾಗಿದ್ದಾರೆ, ಆದರೆ ಎರಡು ದಶಕದ ಒಂದೇ ಮಾದರಿಯ ದಾಖಲೆ ಮತ್ತು ಲೆಸ್ಟರ್‌ನಂಥ ಸಿದ್ಧ ಫಲಿತಾಂಶಗಳ ಅನುಕೂಲಕ್ಕಾಗಿ ನಾನು ಮೊದಲು ತೆರೆದು ನೋಡುವುದು ಇಂದಿಗೂ ಸ್ವಿಫ್ಟ್‌ನ ಪುಟವನ್ನೇ.

ಚಂದಾದಾರರಾಗುವವರು ಎಲ್ಲ ಬಗೆಯ ಸೂಚನೆಗಳನ್ನೂ ತರಿಸಿಕೊಳ್ಳಬೇಡಿ. ಒಂದೇ ಸ್ಫೋಟಕ್ಕೆ ಹತ್ತಾರು ಸಂದೇಶಗಳು ಬಂದು ಮುಖ್ಯವಾದದ್ದು ಮುಳುಗಿಹೋಗುತ್ತದೆ. ಬ್ಯಾಟ್ ಸ್ಥಾನ, ಎಕ್ಸ್‌ಆರ್‌ಟಿ ಸ್ಥಾನ ಮತ್ತು ಸುತ್ತೋಲೆ ಈ ಮೂರು ಸಾಕು. ಅಗಲ ನೋಟದ ದೂರದರ್ಶಕವಿದ್ದರೆ ಬ್ಯಾಟ್ ಸ್ಥಾನ ಬಂದೊಡನೆ ಹೊರಳಿಸಿ. ಇಕ್ಕಟ್ಟಿನ ನೋಟದ್ದಾದರೆ, ಅದರಲ್ಲೂ ಬ್ಯಾಟ್ ಚಿತ್ರದಲ್ಲಿ ಚುಕ್ಕೆಯ ಬಲ ಹಿನ್ನೆಲೆಯ ಏರಿಳಿತದ ಏಳರಷ್ಟೂ ಇಲ್ಲವೆಂದು ಸೂಚನೆಯಲ್ಲಿ ಬರೆದಿದ್ದರೆ, ಎಕ್ಸ್‌ಆರ್‌ಟಿಯ ಮಾತು ಬರುವವರೆಗೆ ಆ ಒಂದೆರಡು ನಿಮಿಷ ಕಾಯಿರಿ.